ನಕ್ಕನ ಬೀದಿಯಿಂದ ಹಸಿರು ಸ್ಟೇಡಿಯಂವರೆಗೆ

ಕಿಸ್ತಾದಲ್ಲಿರುವ ಗೆಳೆಯನ ಮನೆಯಿಂದ ಬೆಳಿಗ್ಗೆ ಹೊರಟಾಗ ಅವನು ಹೇಳಿದ್ದು ಇಷ್ಟೇ: "ಹಸಿರು ಬಿಳಿ ಶಾಲು ಹಾಕಿಕೊಂಡವರು ಎಲ್ಲಿ ಇಳೀತಾರೋ ಅಲ್ಲೇ ಇಳ್ಕೋ. ದಾರಿ ತಪ್ಪಲ್ಲ." ನೀಲಿ ಮೆಟ್ರೋದಲ್ಲಿ ಸ್ಟಾಕ್‌ಹೋಮಿನ ನಡುವಿಗೆ ಬಂದು, ಹಸಿರು ಲೈನಿಗೆ ಬದಲಾಯಿಸಿಕೊಂಡೆ. ಎದುರು ಸೀಟಿನಲ್ಲಿ ಒಬ್ಬ ಅಪ್ಪ, ತೊಡೆಯ ಮೇಲೆ ನಾಲ್ಕೈದು ವರ್ಷದ ಮಗಳು. ಇಬ್ಬರ ಕೊರಳಲ್ಲೂ ಹಸಿರು ಬಿಳಿ ಶಾಲು. ಅವರ ಹಿಂದೆಯೇ ಇಳಿದೆ.

ಅವತ್ತು ಹಮ್ಮರ್‌ಬಿ ಫುಟ್‌ಬಾಲ್ ಕ್ಲಬ್ಬಿನ ಆ ವರ್ಷದ ಮೊದಲ ತವರಿನ ಪಂದ್ಯ. ಆಟ ಮಧ್ಯಾಹ್ನದ ಮೇಲೆ. ನಾನು ಬೇಗ ಬಂದಿದ್ದಕ್ಕೆ ಬೇರೆ ಕಾರಣ ಇತ್ತು. ಸ್ಟೇಡಿಯಂಗಿಂತ ಮೊದಲು ಒಂದು ಬೀದಿ ನೋಡಬೇಕಿತ್ತು, ಕಟರೀನಾ ಬಾನ್‌ಗಾಟಾ.

ಊರಿನ ದಕ್ಷಿಣಕ್ಕಿರುವ ಸೋಡರ್‌ಮಾಲ್ಮ್ ಒಂದು ದ್ವೀಪ. ಈಗ ಅಲ್ಲಿ ಮನೆ ಬಾಡಿಗೆ ಕೇಳಿದರೆ ತಲೆ ತಿರುಗುತ್ತೆ. ಹಿಂದೆ ಅದು ಕೂಲಿಕಾರರ, ಫ್ಯಾಕ್ಟರಿ ಕೆಲಸದವರ ಕೇರಿ. ಆ ಬೀದಿಯ 42ನೇ ನಂಬರಿನ ಮನೆಯಲ್ಲಿ ಬೆಳೆದ ಹುಡುಗ ಲೆನ್ನಾರ್ಟ್ ಸ್ಕೋಗ್‌ಲುಂಡ್. ಎಲ್ಲರೂ ಕರೆಯುತ್ತಿದ್ದುದು ನಕ್ಕಾ ಎಂದು. ಕನ್ನಡದ ಕಿವಿಗೆ ಅದು 'ನಕ್ಕ' ಅಂತಲೇ ಕೇಳುತ್ತದೆ, ನನಗೆ ಅದು ತುಂಬಾ ಹಿಡಿಸಿತು. ಹಮ್ಮರ್‌ಬಿಯಲ್ಲಿ ಆಡಲು ಶುರು ಮಾಡಿದ ಎಡಗಾಲಿನ ಆಟಗಾರ. 1950ರಲ್ಲಿ ಇಟಲಿಯ ಇಂಟರ್ ಮಿಲಾನ್ ಸೇರಿ, ಅಲ್ಲಿ ಎರಡು ಸಲ ಲೀಗ್ ಗೆದ್ದ. 1964ರಲ್ಲಿ ವಾಪಸ್ ಹಮ್ಮರ್‌ಬಿಗೆ ಬಂದ. ಮರಳಿದ ಮೊದಲ ಪಂದ್ಯದಲ್ಲೇ ಕಾರ್ನರ್‌ನಿಂದ ಒದ್ದ ಚೆಂಡು ಯಾರಿಗೂ ತಾಗದೆ ನೇರ ಗೋಲಿನೊಳಗೆ ಹೋಯಿತು. ಆ ಮನೆಯ ಮುಂದಿನ ಅವನ ಪ್ರತಿಮೆಗೆ 'ನಕ್ಕಾಸ್ ಹೋರ್ನಾ' ಎಂದು ಹೆಸರು. 'ಹೋರ್ನಾ' ಅಂದರೆ ಮೂಲೆ. ಅದೇ ಕಾರ್ನರ್ ಕಿಕ್ ಕೂಡ.

ನಕ್ಕಾ ಹುಟ್ಟಿದ್ದು 1929ರ ಡಿಸೆಂಬರ್ 24ರಂದು. ತೀರಿಕೊಂಡಿದ್ದು 1975ರಲ್ಲಿ, 45ನೇ ವಯಸ್ಸಿಗೆ. ಸ್ವೀಡನ್ನಿನಲ್ಲಿ ಕ್ರಿಸ್‌ಮಸ್ ಹಬ್ಬದ ಊಟ ಡಿಸೆಂಬರ್ 24ಕ್ಕೇ. ಅಂಥ ದಿನವೂ ಅಭಿಮಾನಿಗಳು ಪ್ರತಿ ವರ್ಷ ಇಲ್ಲಿ ಸೇರುತ್ತಾರೆ. ನಾನು ಹೋದಾಗ ಪ್ರತಿಮೆಯ ಬುಡದಲ್ಲಿ ಉರಿದು ಮುಗಿದ ಮೇಣದಬತ್ತಿಯ ಒಂದು ಡಬ್ಬಿ ಇತ್ತು. ಮಳೆನೀರು ತುಂಬಿ, ಮೇಣದ ಚೂರೊಂದು ಅದರಲ್ಲಿ ತೇಲುತ್ತಿತ್ತು. ಯಾರೂ ಅದನ್ನು ಎತ್ತಿ ಬಿಸಾಡಿರಲಿಲ್ಲ.

ಅಲ್ಲಿ ನಿಂತಾಗ ನನಗೆ ನೆನಪಾಗಿದ್ದು ಬೆಂಗಳೂರಿನ ಗೌತಮಪುರ. ಹಲಸೂರಿನ ಪಕ್ಕದ ಆ ಕೇರಿಯಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಜೊತೆ ಪೆಲೆಗೂ ಒಂದು ಪ್ರತಿಮೆ ಇದೆ. ಗೊತ್ತಲ್ವಾ, 1958ರ ವಿಶ್ವಕಪ್ ಫೈನಲ್ ನಡೆದಿದ್ದು ಇದೇ ಸ್ಟಾಕ್‌ಹೋಮಿನ ಪಕ್ಕದ ಸೋಲ್ನಾದಲ್ಲಿ, ರೋಸುಂಡಾ ಸ್ಟೇಡಿಯಂನಲ್ಲಿ. ಬ್ರೆಜಿಲ್ 5, ಸ್ವೀಡನ್ 2. ಹದಿನೇಳರ ಪೆಲೆ ಎರಡು ಗೋಲು ಹೊಡೆದ. ಅವತ್ತು ಸ್ವೀಡನ್ ತಂಡದ ಎಡ ತುದಿಯಲ್ಲಿ ಓಡಿದವನು ಇದೇ ನಕ್ಕಾ. ಒಂದೇ ಮೈದಾನದಲ್ಲಿ ಎದುರುಬದುರು ಆಡಿದ ಇಬ್ಬರು, ಇಷ್ಟು ದೂರದ ಎರಡು ಕೇರಿಗಳಲ್ಲಿ ನಿಂತಿದ್ದಾರೆ.

ಹನ್ನೆರಡರ ಹೊತ್ತಿಗೆ ಮೆಡ್‌ಬೋರ್ಯಾರ್‌ಪ್ಲಾಟ್ಸೆನ್ ಚೌಕಕ್ಕೆ ಬಂದೆ. ಅಲ್ಲಿಯವರು ಚಿಕ್ಕದಾಗಿ 'ಮೇಡಿಸ್' ಅನ್ನುತ್ತಾರೆ. ಕಾಲಿಡಲು ಜಾಗ ಇಲ್ಲ. ಡೋಲು, ಬಾವುಟ, ಮಕ್ಕಳ ಗಾಡಿ, ಅಜ್ಜಂದಿರು. ಮೊದಲ ತವರಿನ ಪಂದ್ಯದ ದಿನ ಸಾವಿರಾರು ಜನ ಇಲ್ಲಿಂದ ಸ್ಟೇಡಿಯಂವರೆಗೆ ಮೆರವಣಿಗೆ ಹೋಗುವುದು ವಾಡಿಕೆ. ಪಕ್ಕದಲ್ಲಿ ನಿಂತಿದ್ದ ಎಪ್ಪತ್ತು ದಾಟಿದ ಅಜ್ಜ ನನ್ನ ಬರಿ ಕೊರಳು ನೋಡಿ, ಚೀಲದಿಂದ ಇನ್ನೊಂದು ಶಾಲು ತೆಗೆದು ಹಾಕಿದರು. ಕೈಯಲ್ಲಿ ಹೆಣೆದದ್ದು. ಒಂದು ತುದಿಯಲ್ಲಿ ಹುಳು ತಿಂದ ತೂತಿಗೆ ಬೇರೆ ಹಸಿರಿನ ದಾರದಲ್ಲಿ ಹೊಲಿಗೆ ಹಾಕಿತ್ತು. "ನನ್ನ ಹೆಂಡತೀದು. ಆಟ ಮುಗಿದ ಮೇಲೆ ವಾಪಸ್ ಕೊಡಬೇಕು" ಅಂದರು.

ಯೋಟ್‌ಗಾಟನ್ ರಸ್ತೆಯಲ್ಲಿ ಇಳಿಜಾರಾಗಿ ನಡೆದೆವು. ಕಿಟಕಿಗಳಿಂದ ಜನ ಕೈಬೀಸುತ್ತಿದ್ದರು. "ಹೇಯಾ ಬಾಯೆನ್!" ಬಾಯೆನ್ ಅನ್ನುವುದು ಕ್ಲಬ್ಬಿನ ಮುದ್ದು ಹೆಸರು. ಹಮ್ಮರ್‌ಬಿಯನ್ನು ಯಾರೋ ತಮಾಷೆಗೆ ಇಂಗ್ಲಿಷ್ ಧಾಟಿಯಲ್ಲಿ 'ಹಮ್ಮರ್‌ಬಾಯ್' ಎಂದು ಎಳೆದು, ಅದರಿಂದ ಹುಟ್ಟಿಕೊಂಡದ್ದು. ಸ್ಕಾನ್ಸ್‌ಟುಲ್ ಸೇತುವೆ ಮೇಲೆ ಬಂದಾಗ ಅಜ್ಜ ಕೆಳಗಿನ ನೀರು ತೋರಿಸಿದರು. "ನಮ್ಮ ಕ್ಲಬ್ ಹುಟ್ಟಿದ್ದು ಅಲ್ಲಿ. ಚೆಂಡಿನಿಂದ ಅಲ್ಲ, ದೋಣಿಯಿಂದ."

ನಿಜ. 1889ರಲ್ಲಿ ಶುರುವಾದಾಗ ಇದು ದೋಣಿ ಹುಟ್ಟು ಹಾಕುವವರ ಸಂಘ. 1897ರಲ್ಲಿ ಕ್ರೀಡಾ ಸಂಘ ಆಯಿತು. ಫುಟ್‌ಬಾಲ್ ಬಂದಿದ್ದು 1915ರಲ್ಲಿ. 1918ರಲ್ಲಿ ಇನ್ನೊಂದು ಕ್ಲಬ್ ಜೊತೆ ಸೇರಿ, ಅದರ ಕಪ್ಪು ಹಳದಿ ಬಣ್ಣ ತೊಟ್ಟರು. ಮತ್ತೆ ಹಸಿರು ಬಿಳಿಗೆ ಮರಳಿದ್ದು 1978ರಲ್ಲಿ. ಅಂದರೆ ನನ್ನ ಕೊರಳಲ್ಲಿದ್ದ ಬಣ್ಣ ಸುಮಾರು ಅರವತ್ತು ವರ್ಷ ಕಾದು ಬಂದದ್ದು.

ಇಷ್ಟು ಜನ ಸೇರುವ ಈ ಕ್ಲಬ್‌ನ ಗಂಡಸರ ತಂಡ ಲೀಗ್ ಗೆದ್ದಿರುವುದು ಒಂದೇ ಒಂದು ಸಲ. 2001ರ ಅಕ್ಟೋಬರ್ 21, ಹಳೆಯ ಸೋಡರ್‌ಸ್ಟಾಡಿಯೋನ್, ಎರ್ಗ್ರೂಟೆ ವಿರುದ್ಧ 3-2. ಆ ವರ್ಷ ಕೋಚ್ ಆಗಿದ್ದವರು ಸೋರೆನ್ ಕ್ರಾಟ್ಜ್. ಮುಂದಿನ ವರ್ಷಕ್ಕೆ ನೀವು ಬೇಡ ಎಂದು ಅವರಿಗೆ ಮೊದಲೇ ಹೇಳಿಯಾಗಿತ್ತು. ಆಮೇಲೆ ಅವರು ಗೆಲ್ಲಿಸಿಬಿಟ್ಟರು! ಅಜ್ಜ ಇದನ್ನು ಹೇಳುವಾಗ ನಡೆಯುವುದನ್ನೇ ನಿಲ್ಲಿಸಿದ್ದರು, ಹಿಂದಿನವರು ಸುತ್ತಿಕೊಂಡು ಹೋಗಬೇಕಾಯಿತು. 2009ರಲ್ಲಿ ತಂಡ ಕೆಳಗಿನ ದರ್ಜೆಗೆ ಬಿತ್ತು. ಐದು ವರ್ಷ ಅಲ್ಲೇ. ಜನ ಮಾತ್ರ ಕಮ್ಮಿ ಆಗಲಿಲ್ಲ. 2013ರ ಜುಲೈನಲ್ಲಿ ಹೊಸ ಸ್ಟೇಡಿಯಂನ ಮೊದಲ ಪಂದ್ಯಕ್ಕೆ 29 ಸಾವಿರಕ್ಕೂ ಜಾಸ್ತಿ ಜನ ಬಂದಿದ್ದರು. ಎರಡನೇ ದರ್ಜೆಯ ಆಟಕ್ಕೆ! ಮೇಲಕ್ಕೆ ಮರಳಿದ 2015ರಲ್ಲಿ ಸರಾಸರಿ 25,000 ದಾಟಿತು. ಹೆಂಗಸರ ತಂಡದ ಕಥೆಯೂ ಚೆಂದ. 1985ರಲ್ಲಿ ಗೆದ್ದವರು ಮತ್ತೆ ಲೀಗ್ ಗೆದ್ದಿದ್ದು 2023ರಲ್ಲಿ.

ಸ್ಟೇಡಿಯಂ ಹತ್ತಿರ ಬಂದಾಗ ನಾನು ಸ್ವೀಡನ್ನಿನ ಹೆಸರಾಂತ ಆಟಗಾರ ಜ್ಲಾಟಾನ್ ಇಬ್ರಾಹಿಮೋವಿಚ್ ವಿಷಯ ಎತ್ತಿದೆ. 2019ರಲ್ಲಿ ಅವನು ಈ ಕ್ಲಬ್‌ನ ಸುಮಾರು ಕಾಲು ಪಾಲು ಕೊಂಡಾಗ, ತವರಾದ ಮಾಲ್ಮೋದಲ್ಲಿ ಜನ ಸಿಟ್ಟಾಗಿ ಅವನ ಹೊಸ ಪ್ರತಿಮೆಯ ಮೂಗು ಕೊಯ್ದರು, ಕೊನೆಗೆ ಅದನ್ನೇ ಉರುಳಿಸಿದರು. ಅಜ್ಜ ತಲೆ ಆಡಿಸಿದರು. "ಅವನ ಪಾಲು ಅವನಿಗೆ. ಹೆಚ್ಚಿನ ಪಾಲು ನಮ್ಮದು." ಸ್ವೀಡನ್ನಿನಲ್ಲಿ ಕ್ಲಬ್‌ನ ಕನಿಷ್ಠ 51 ಶೇಕಡಾ ಮತ ಸದಸ್ಯರ ಕೈಯಲ್ಲೇ ಇರಬೇಕು ಅನ್ನುವುದು ನಿಯಮ. ಸುಮ್ನೆ ಕಾಗದದ ಮಾತಲ್ಲ ಅದು. 2024ರಲ್ಲಿ ವಿಡಿಯೋ ಅಂಪೈರಿಂಗ್, ಅಂದರೆ ವಿಎಆರ್, ತರುವ ಯೋಜನೆ ಅಲ್ಲಿ ನಿಂತೇ ಹೋಯಿತು. 32 ದೊಡ್ಡ ಕ್ಲಬ್‌ಗಳಲ್ಲಿ 18 ಬೇಡ ಅಂದವು. ಕ್ಲಬ್‌ಗಳಿಂದ ಹಾಗೆ ಹೇಳಿಸಿದ್ದು ಅವುಗಳ ಸದಸ್ಯರು. ಗೋಲು ಬಿದ್ದ ಕೂಡಲೇ ಕೂಗಬೇಕು, ಟಿವಿ ನೋಡಿ ಕಾಯೋದಲ್ಲ ಎಂಬ ಅವರ ಹಟ ನನಗೆ ತುಂಬಾ ಸರಿ ಅನ್ನಿಸಿತು.

ಒಳಗೆ ಆಟಕ್ಕೆ ಮುಂಚೆ ಎಲ್ಲರೂ ಎದ್ದು ಶಾಲು ಎತ್ತಿ ಹಿಡಿದು ಹಾಡಿದರು. ಭಾಷೆ ಬಾರದ ನನಗೂ ಗಂಟಲು ಕಟ್ಟಿತು. ಬಲಗಡೆ ಬೆಳಿಗ್ಗೆ ಮೆಟ್ರೋದಲ್ಲಿ ಕಂಡಷ್ಟೇ ವಯಸ್ಸಿನ ಒಂದು ಮಗು ಅಪ್ಪನ ಹೆಗಲ ಮೇಲೆ ಕೂತು, ಒಂದು ಶಬ್ದವೂ ತಪ್ಪದೆ ಹಾಡುತ್ತಿತ್ತು.

ಅರ್ಧ ವಿರಾಮದಲ್ಲಿ ಫೋನಿನಲ್ಲಿ ಗೌತಮಪುರದ ಪೆಲೆಯ ಚಿತ್ರ ಹುಡುಕಿ ಅಜ್ಜನಿಗೆ ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಐವತ್ತೆಂಟರಲ್ಲಿ ನಮ್ಮಪ್ಪ ರೋಸುಂಡಾದಲ್ಲಿದ್ದ. ಇವನನ್ನೂ ನಕ್ಕಾನನ್ನೂ ಒಂದೇ ದಿನ ನೋಡಿದ್ದ" ಅಂದರು. ಆಮೇಲೆ ಫೋನನ್ನು ಪಕ್ಕದವರಿಗೆ ದಾಟಿಸಿದರು. ಅವರು ಇನ್ನೊಬ್ಬರಿಗೆ. ಸಾಲಿನ ಕೊನೆ ಮುಟ್ಟಿ ಅದು ನನ್ನ ಕೈಗೆ ವಾಪಸ್ ಬರುವ ಹೊತ್ತಿಗೆ ಎರಡನೇ ಅರ್ಧ ಶುರುವಾಗಿ, ಡೋಲು ಮತ್ತೆ ಎದ್ದಿತ್ತು.