ಚಾಮುಂಡಿ ಬೆಟ್ಟವನ್ನು ಮೆಟ್ಟಿಲು ಹತ್ತಿ ನೋಡಿ

ಮೈಸೂರಿಗೆ ಬಂದವರಲ್ಲಿ ಹೆಚ್ಚಿನವರು ಚಾಮುಂಡಿ ಬೆಟ್ಟಕ್ಕೆ ಕಾರಲ್ಲೋ ಬಸ್ಸಲ್ಲೋ ಹೋಗಿ ಬರುತ್ತಾರೆ. ಕಾಲು ಗಟ್ಟಿ ಇರುವವರು ಒಮ್ಮೆಯಾದರೂ ಮೆಟ್ಟಿಲು ಹತ್ತಿಯೇ ಹೋಗಬೇಕು. ಸಾವಿರ ಮೆಟ್ಟಿಲು ಅಂದ ಕೂಡಲೇ ಹೆದರಬೇಡಿ. ಕಷ್ಟವೆಲ್ಲ ಮೊದಲ ಭಾಗದಲ್ಲೇ ಇದೆ. ಅದು ಗೊತ್ತಿಲ್ಲದೆ ಎಷ್ಟೋ ಜನ ನಡುವೆಯೇ ಸೋತು ವಾಪಸ್ ಇಳಿದುಬಿಡುತ್ತಾರೆ.

ಊರೊಳಗಿಂದ ಆಟೊ ಹಿಡಿದರೆ 'ಬೆಟ್ಟದ ಪಾದ' ಅಂತಲೇ ಹೇಳಿ. ಬರೀ 'ಬೆಟ್ಟ' ಅಂದರೆ ಸೀದಾ ಮೇಲಕ್ಕೇ ಕರೆದುಕೊಂಡು ಹೋಗುತ್ತಾರೆ. ಬೆಳಗ್ಗೆ ಆರೂವರೆಯೊಳಗೆ ಹತ್ತಲು ಶುರು ಮಾಡಿದರೆ ಒಳ್ಳೆಯದು. ದಾರಿಯುದ್ದಕ್ಕೂ ಮರಗಳಿವೆ, ಆದರೂ ಒಂಬತ್ತು ಗಂಟೆ ದಾಟಿದರೆ ಬಿಸಿಲು ಮತ್ತು ಜನ ಎರಡೂ ಜಾಸ್ತಿ. ಕತ್ತಲಾದ ಮೇಲೆ ಈ ದಾರಿ ಬೇಡ. ಇದು ಮೀಸಲು ಅರಣ್ಯ, ಚಿರತೆಗಳಿವೆ.

ಈ ಮೆಟ್ಟಿಲುಗಳನ್ನು ಕಟ್ಟಿಸಿದ್ದು 17ನೇ ಶತಮಾನದಲ್ಲಿ, ದೊಡ್ಡ ದೇವರಾಜ ಒಡೆಯರು. ಎಲ್ಲ ಒಂದೇ ಅಳತೆಯಲ್ಲಿಲ್ಲ. ಕೆಲವು ಅಗಲ, ಕೆಲವು ಮೊಣಕಾಲಿಗೆ ಕೆಲಸ ಕೊಡುವಷ್ಟು ಎತ್ತರ. ಮೊದಲ ಭಾಗ ಕಡಿದಾಗಿದೆ. ಉಸಿರು ಹತ್ತುವುದು ಇಲ್ಲೇ. ಪಕ್ಕದಲ್ಲಿ ಹುಡುಗರು ಓಡಿಕೊಂಡು ಹತ್ತುತ್ತಿರುತ್ತಾರೆ, ಅವರನ್ನು ನೋಡಿ ನೀವೂ ಜೋರು ಮಾಡಬೇಡಿ. ನಾನು ಅಮ್ಮನ ಜೊತೆ ಹೋಗಿದ್ದೆ. ಅಮ್ಮ ಅಲ್ಲಲ್ಲಿ ಕೂತು, ಒಂದೊಂದು ಗುಟುಕು ನೀರು ಕುಡಿದು ಏಳುತ್ತಿದ್ದರು. ಇಳಿದು ಬರುತ್ತಿದ್ದ ಹಿರಿಯರೊಬ್ಬರು ನಿಂತು, 'ಅವಸರ ಮಾಡ್ಬೇಡಿ ತಾಯಿ, ನಂದಿ ತಂಕ ಹತ್ತಿ ಸಾಕು, ಆಮೇಲೆ ಏನೂ ಇಲ್ಲ' ಅಂದರು. ಅವರು ಹೇಳಿದ್ದು ನೂರಕ್ಕೆ ನೂರು ನಿಜ.

ದಾರಿಯಲ್ಲಿ ಹರಕೆ ಹೊತ್ತವರು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹೋಗುವುದನ್ನು ನೋಡುತ್ತೀರಿ. ಬಗ್ಗಿ ಎದ್ದು, ಬಗ್ಗಿ ಎದ್ದು, ಮೇಲಿನವರೆಗೂ ಹಾಗೆಯೇ. ಅವರಿಗೆ ಜಾಗ ಬಿಟ್ಟು ಬದಿಯಲ್ಲಿ ನಡೆಯಿರಿ. ಸುಮ್ನೆ ಮೊಬೈಲ್ ಹಿಡಿದು ಮುಖಕ್ಕೆ ನುಗ್ಗಬೇಡಿ.

ಮೂರರಲ್ಲಿ ಎರಡು ಭಾಗ ಹತ್ತಿದ ಮೇಲೆ ನಂದಿ ಸಿಗುತ್ತದೆ. ಸುಮಾರು 16 ಅಡಿ ಎತ್ತರ, ಇಡೀ ವಿಗ್ರಹ ಒಂದೇ ಕಲ್ಲು. ಇದನ್ನು ಮಾಡಿಸಿದ್ದೂ ದೊಡ್ಡ ದೇವರಾಜರೇ. ಕಾರಲ್ಲಿ ಬಂದವರು ಎದುರು ನಿಂತು ಫೋಟೊ ತೆಗೆದುಕೊಂಡು ಹೊರಟುಬಿಡುತ್ತಾರೆ. ನೀವು ಸುತ್ತು ಹಾಕಿ ನೋಡಿ. ಕೊರಳಿನ ಗಂಟೆಗಳ ಸಾಲನ್ನು ಶಿಲ್ಪಿ ಎಷ್ಟು ತಾಳ್ಮೆಯಿಂದ ಕೆತ್ತಿದ್ದಾನೆ ಅಂತ ಪಕ್ಕದಲ್ಲಿ ನಿಂತಾಗಲೇ ತಿಳಿಯುವುದು. ಅಂಗಡಿಗಳೂ ಇಲ್ಲೇ ಇವೆ. ದಣಿವಾರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ದಾರಿಯಲ್ಲಿ ಇನ್ನೊಂದಿಲ್ಲ. ಕೋತಿಗಳ ಬಗ್ಗೆ ಮಾತ್ರ ಎಚ್ಚರ. ಹಣ್ಣು, ತಿಂಡಿ ಚೀಲದೊಳಗೇ ಇರಲಿ, ಪ್ಲಾಸ್ಟಿಕ್ ಕವರಂತೂ ಕೈಯಲ್ಲಿ ಬೇಡವೇ ಬೇಡ.

ಇಲ್ಲಿಂದ ಮುಂದಿನ ಮೆಟ್ಟಿಲುಗಳು ಸುಲಭ. ಹಿಂದೆ ತಿರುಗಿ ನೋಡಿದರೆ ಇಡೀ ಮೈಸೂರು ಕಾಣುತ್ತದೆ. ಬೆಳ್ಳಗೆ ಹೊಳೆಯುವ ಲಲಿತ ಮಹಲನ್ನು ಮಕ್ಕಳೂ ಗುರುತು ಹಿಡಿಯುತ್ತಾರೆ. ರೇಸ್ ಕೋರ್ಸ್, ಕಾರಂಜಿ ಕೆರೆ, ಅರಮನೆ ಹುಡುಕುತ್ತಾ ನಿಂತರೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ. ನಿಧಾನಕ್ಕೆ ಹತ್ತುವವರಿಗೂ ಒಟ್ಟು ಒಂದೂವರೆ ಗಂಟೆ ಸಾಕು.

ದೇವಸ್ಥಾನದ ಏಳು ಅಂತಸ್ತಿನ ಗೋಪುರ ಮುಮ್ಮಡಿ ಕೃಷ್ಣರಾಜ ಒಡೆಯರು 1827ರಲ್ಲಿ ಕಟ್ಟಿಸಿದ್ದು. ಮಹಿಷಾಸುರನ ಪ್ರತಿಮೆ ಹೇಗೂ ಎಲ್ಲರೂ ನೋಡುತ್ತಾರೆ. ಆದರೆ ಹತ್ತಿರದಲ್ಲೇ ಇರುವ ಮಹಾಬಲೇಶ್ವರ ದೇವಸ್ಥಾನಕ್ಕೆ ಹೋಗುವವರು ಕಡಿಮೆ. ಚಾಮುಂಡೇಶ್ವರಿ ಗುಡಿಗಿಂತ ಹಳೆಯದು ಅದು. ಈ ಬೆಟ್ಟಕ್ಕೆ ಹಿಂದೆ ಮಹಾಬಲಾದ್ರಿ ಎಂಬ ಹೆಸರಿದ್ದದ್ದು ಆ ದೇವರಿಂದಲೇ. ದಯವಿಟ್ಟು ತಪ್ಪಿಸಬೇಡಿ. ಮಧ್ಯಾಹ್ನ ಗುಡಿಯ ಬಾಗಿಲು ಸ್ವಲ್ಪ ಹೊತ್ತು ಹಾಕಿರುತ್ತಾರೆ, ಬೆಳಗ್ಗೆಯೇ ದರ್ಶನ ಮುಗಿಸಿಕೊಳ್ಳಿ.

ದಿನ ಯಾವುದು ಅನ್ನುವುದೂ ಮುಖ್ಯ. ಆಷಾಢದ ಶುಕ್ರವಾರಗಳಲ್ಲಿ ಬೆಟ್ಟದ ತುಂಬ ಜನವೋ ಜನ. ಭಕ್ತಿಯಿಂದ ಬರುವವರಿಗೆ ಆ ಸಡಗರವೇ ಬೇಕು, ಅದು ಸರಿ. ಮೊದಲ ಸಲ ಹತ್ತುವವರು, ಮಕ್ಕಳು ಮುದುಕರನ್ನು ಕರೆತರುವವರು ವಾರದ ನಡುವೆ ಬನ್ನಿ. ಮಳೆ ಬಂದ ಮಾರನೇ ದಿನ ಕಲ್ಲು ಜಾರುತ್ತದೆ, ಹಿಡಿತವಿರುವ ಚಪ್ಪಲಿ ಹಾಕಿಕೊಳ್ಳಿ.

ಹತ್ತುವುದಕ್ಕಿಂತ ಇಳಿಯುವುದೇ ಮಂಡಿಗೆ ಕಷ್ಟ. ಮಂಡಿ ನೋವಿರುವವರು ಹಟ ಮಾಡದೆ ಬಸ್ಸಲ್ಲಿ ಇಳಿಯಿರಿ, ನಾವೂ ಹಾಗೇ ಮಾಡಿದೆವು. ಮೇಲಿಂದ ಸಿಟಿ ಬಸ್ ಸ್ಟ್ಯಾಂಡಿಗೆ 201 ನಂಬರಿನ ಬಸ್ಸಿದೆ. ಶಕ್ತಿ ಯೋಜನೆ ಇರುವುದರಿಂದ ಕರ್ನಾಟಕದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಲ್ಲಿ ಟಿಕೆಟ್ ಉಚಿತ, ಆಧಾರ್ ಕಾರ್ಡ್ ಜೊತೆಗಿರಲಿ. ಎ.ಸಿ. ಬಸ್ಸಿಗೆ ಹತ್ತಿದರೆ ದುಡ್ಡು ಕೊಡಬೇಕು.