ಉರಿಯೂತಕ್ಕೆ ಕಡಿವಾಣ ಹಾಕುವ ಕರುಳಿನ ಬ್ಯಾಕ್ಟೀರಿಯಾ

ನಮ್ಮ ಭಾವನವರಿಗೆ ದೊಡ್ಡ ಕರುಳಿನ ಒಳಪದರ ಉರಿಯೂತದಿಂದ ಹುಣ್ಣಾಗುವ ಅಲ್ಸರೇಟಿವ್ ಕೊಲೈಟಿಸ್ ಕಾಯಿಲೆ ಇದೆಯೆಂದು ತಿಳಿದಾಗಿನಿಂದ ಹಾಸನದ ನೆಂಟರಿಷ್ಟರೆಲ್ಲ ಕೊಡುವ ಸಲಹೆ ಒಂದೇ: "ಮೊಸರು ಜಾಸ್ತಿ ತಿನ್ನಿ, ಒಳ್ಳೆಯ ಬ್ಯಾಕ್ಟೀರಿಯಾ ಸೇರುತ್ತವೆ." ಮೊಸರಿನ ಮೇಲೆ ನನಗೇನೂ ತಕರಾರಿಲ್ಲ. ಆದರೆ ಕರುಳಿನ ಉರಿಯೂತವನ್ನು ಹತೋಟಿಯಲ್ಲಿಡುವ ಫೀಕಲಿಬ್ಯಾಕ್ಟೀರಿಯಮ್‌ನಂಥ ಬ್ಯಾಕ್ಟೀರಿಯಾಗಳು ಮೊಸರಿನಲ್ಲಿ ಇರುವುದಿಲ್ಲ. ಆಮ್ಲಜನಕವನ್ನು ಸಹಿಸದ ಅವುಗಳ ನೆಲೆ ದೊಡ್ಡ ಕರುಳು. ಅವುಗಳಿಗೆ ಬೇಕಾದ ಆಹಾರವನ್ನು ಒದಗಿಸುವುದಷ್ಟೇ ನಮ್ಮ ಕೈಯಲ್ಲಿರುವುದು.

ನಾವು ಅರಗಿಸಿಕೊಳ್ಳಲಾರದ ನಾರೇ ಆ ಆಹಾರ. ಅದನ್ನು ಹುದುಗಿಸುವಾಗ ಈ ಬ್ಯಾಕ್ಟೀರಿಯಾಗಳು ಬ್ಯೂಟಿರೇಟ್ ಎಂಬ ಕೊಬ್ಬಿನಾಮ್ಲವನ್ನು ಹೊರಹಾಕುತ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಮುಖ್ಯ ಇಂಧನ. ಅಷ್ಟೇ ಅಲ್ಲದೆ, ರೋಗನಿರೋಧಕ ವ್ಯವಸ್ಥೆಯಲ್ಲಿ ಇನ್ನೂ ನಿರ್ದಿಷ್ಟ ಕೆಲಸಕ್ಕೆ ಇಳಿಯದ ಟಿ ಕೋಶಗಳೊಳಗೆ ಡಿಎನ್‌ಎಯನ್ನು ಬಿಗಿಯಾಗಿ ಸುತ್ತಿಡಲು ನೆರವಾಗುವ ಕಿಣ್ವವೊಂದನ್ನು ಬ್ಯೂಟಿರೇಟ್ ತಡೆಯುವುದರಿಂದ ಫಾಕ್ಸ್‌ಪಿ3 ಎಂಬ ಜೀನ್ ಚುರುಕಾಗಿ, ಆ ಕೋಶಗಳು ನಿಯಂತ್ರಕ ಟಿ ಕೋಶಗಳಾಗಿ ಮಾರ್ಪಡುತ್ತವೆಂದು 2013ರಲ್ಲಿ ಇಲಿಗಳ ಮೇಲೆ ನಡೆದ ಅಧ್ಯಯನಗಳು ತೋರಿಸಿದವು. ಈ ಕೋಶಗಳು ಉರಿಯೂತ ತಗ್ಗಿಸುವ ಇಂಟರ್‌ಲ್ಯೂಕಿನ್-10 ಎಂಬ ಪ್ರೋಟೀನನ್ನು ಸ್ರವಿಸಿ, ಕಂಡದ್ದಕ್ಕೆಲ್ಲ ಎರಗುವ ರೋಗನಿರೋಧಕ ಕೋಶಗಳನ್ನು ಸುಮ್ಮನಾಗಿಸುತ್ತವೆ. ಈ ನಿಯಂತ್ರಕ ಕೋಶಗಳನ್ನು 1995ರಲ್ಲೇ ಗುರುತಿಸಿದ ಜಪಾನಿನ ವಿಜ್ಞಾನಿ ಶಿಮೊನ್ ಸಕಾಗುಚಿ ಅವರಿಗೆ, ಫಾಕ್ಸ್‌ಪಿ3ರ ಮಹತ್ವವನ್ನು ಕಂಡುಹಿಡಿದ ಮೇರಿ ಬ್ರಂಕೋ ಹಾಗೂ ಫ್ರೆಡ್ ರಾಮ್ಸ್‌ಡೆಲ್ ಅವರೊಂದಿಗೆ, ನೊಬೆಲ್ ದೊರೆತದ್ದು 2025ರಲ್ಲಿ. ತಡವಾಯಿತೆಂದೇ ನನ್ನ ಅನಿಸಿಕೆ.

ಈ ದೃಷ್ಟಿಯಿಂದ ನೋಡಿದರೆ ನಮ್ಮ ಕಡೆಯ ಹುರುಳಿ ಬಸ್ಸಾರು, ಅವರೆಕಾಳು, ರಾಗಿ ಮುದ್ದೆ ಎಲ್ಲವೂ ಆ ಬ್ಯಾಕ್ಟೀರಿಯಾಗಳಿಗೆ ಒಳ್ಳೆಯ ಮೇವು. ರಾತ್ರಿ ಉಳಿದ ಮುದ್ದೆಯನ್ನು ಬೆಳಿಗ್ಗೆ ಮಜ್ಜಿಗೆಯಲ್ಲಿ ಕಿವುಚಿ, ಈರುಳ್ಳಿ, ಹಸಿಮೆಣಸಿನಕಾಯಿ ನಂಚಿಕೊಂಡು ಉಣ್ಣುವುದನ್ನು ಬಡತನದ ಊಟವೆಂದು ಈಗ ಹಲವರು ಬಿಟ್ಟಿದ್ದಾರೆ. ಬೇಯಿಸಿದ ಪಿಷ್ಟ ಆರಿದಾಗ ಅದರ ಒಂದು ಪಾಲು ಸಣ್ಣ ಕರುಳಿನಲ್ಲಿ ಜೀರ್ಣವಾಗದ ರೂಪಕ್ಕೆ ತಿರುಗುತ್ತದೆ. ಹಾಗೆ ದೊಡ್ಡ ಕರುಳನ್ನು ತಲುಪಿದ್ದರಿಂದಲೂ ಬ್ಯೂಟಿರೇಟ್ ತಯಾರಾಗುತ್ತದೆ.

ಇಷ್ಟನ್ನು ಓದಿ ಯಾರೂ ಮಾತ್ರೆ ನಿಲ್ಲಿಸಿ ಮುದ್ದೆಯನ್ನೇ ನೆಚ್ಚಿಕೊಳ್ಳಬಾರದು. ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯರಿಗೆ ಔಷಧವಾಗುವುದಿಲ್ಲ, ಮೇಲಾಗಿ ಕರುಳು ಕೆರಳಿರುವಾಗ ಹೆಚ್ಚು ನಾರು ತಿಂದರೆ ನೋವು, ಉಬ್ಬರ ಹೆಚ್ಚಬಹುದು. ಭಾವನವರು ಅಂಥ ದಿನಗಳಲ್ಲಿ ವೈದ್ಯರು ಹೇಳಿದಂತೆ ಮೆತ್ತನೆಯ ಅನ್ನವನ್ನಷ್ಟೇ ಉಂಡು, ಕಾಯಿಲೆ ಹತೋಟಿಗೆ ಬಂದ ಮೇಲೆ ಹುರುಳಿಯನ್ನು ಸ್ವಲ್ಪ ಸ್ವಲ್ಪವಾಗಿ ಮತ್ತೆ ರೂಢಿಸಿಕೊಳ್ಳುತ್ತಾರೆ.