‘ಘೇ ಘೇ’ಯಿಂದ ಶುರು ಮಾಡಬೇಡಿ

ಗೋವಾದ ಕನ್ನಡ ಸಂಘಗಳ ರಾಜ್ಯೋತ್ಸವದಲ್ಲಿ ನಾಡಗೀತೆ, ಭಾವಗೀತೆ, ಡೊಳ್ಳು ಎಲ್ಲ ಆದಮೇಲೆ ಒಂದಾದರೂ ಕೊಂಕಣಿ ಹಾಡು ಬೇಕು ಅನ್ನುವವರು ಇದ್ದೇ ಇರುತ್ತಾರೆ. ಬೇಕೇ ಬೇಕು, ಅನ್ನ ತಿನ್ನುವ ನೆಲದ ಮರ್ಯಾದೆ ಅದು. ಆಗ ಎಲ್ಲರ ಬಾಯಿಗೆ ಬರುವುದು ‘ಹಾಂವ್ ಸಾಯ್ಬಾ ಪೊಲ್ತೊಡಿ ವೆತಾಂ’, ಅಂದರೆ ‘ಸ್ವಾಮಿ, ನಾನು ಆಚೆ ದಡಕ್ಕೆ ಹೋಗುತ್ತೇನೆ’. ಕಾರವಾರದವರಿಗೆ ಮಾತು ಗೊತ್ತು, ವಿಜಯಪುರ-ಬಾಗಲಕೋಟೆ ಕಡೆಯವರಿಗೆ ‘ಬಾಬಿ’ ಸಿನಿಮಾದಿಂದ ಧಾಟಿ ಗೊತ್ತು. ತೊಂದರೆ ಇರುವುದೂ ಅಲ್ಲೇ. ಸಿನಿಮಾದಲ್ಲಿ ಕಿವಿಗೆ ಬಿದ್ದಷ್ಟನ್ನೇ ಪೂರ್ತಿ ಹಾಡು ಅಂದುಕೊಂಡು ಹಾಡುತ್ತಾರೆ.

ಮೊದಲು ನಿರೂಪಕರ ಚೀಟಿ ತಿದ್ದಬೇಕು. ‘ಯಾರೋ ಅನಾಮಿಕ ಜಾನಪದ ಕವಿಯ ಗೀತೆ’ ಅಲ್ಲ ಇದು. ಕಟ್ಟಿದವರು ಕಾರ್ಲೋಸ್ ಯುಜೆನಿಯೊ ಫೆರೇರಾ (1860–1932). ಮೊದಲು ಅಚ್ಚಾದದ್ದು 1895ರಲ್ಲಿ, ಅದೂ ಪ್ಯಾರಿಸ್ಸಿನಲ್ಲಿ. ಗೋವಾದ ರಾಂಗೆಲ್ ಮುದ್ರಣಾಲಯ ಅದನ್ನು ಅಚ್ಚು ಹಾಕಿದ್ದು 1926ರಲ್ಲಿ. ಹೆಸರು ಹೇಳಿದರೆ ಜಾನಪದತನ ಏನೂ ಸವೆಯುವುದಿಲ್ಲ, ಶರೀಫರ ಪದಗಳನ್ನು ಹೆಸರು ಹೇಳಿಯೇ ನಾವು ಜನಪದವಾಗಿ ಹಾಡುತ್ತಿಲ್ಲವೇ.

ಇದು ದೇಖ್ಣಿ ಎಂಬ ಪ್ರಕಾರದ ಹಾಡು. ಗೋವಾದ್ದೇ ಇನ್ನೊಂದು ಪ್ರಕಾರವಾದ ಮಾಂಡೋ ನಿಧಾನದ್ದು, ಪಾಶ್ಚಾತ್ಯ ತಾಳದಲ್ಲಿ 6/4ರ ಲೆಕ್ಕ. ದೇಖ್ಣಿ ಚುರುಕು, ಸಾಮಾನ್ಯವಾಗಿ 2/4. ಗೋವಾದ ಕ್ರೈಸ್ತ ಸಮಾಜದವರು ದೇವಸ್ಥಾನದಲ್ಲಿ ಹಾಡಿ ಕುಣಿಯುತ್ತಿದ್ದ ಕಲಾವಂತೆಯರ ವೇಷ, ಗೆಜ್ಜೆ, ಮಾತಿನ ವರಸೆಗಳನ್ನು ಹಾಡಿ ಕುಣಿದು ತೋರಿಸಿದ ಪ್ರಕಾರ ಇದು. ಹಾಗಾಗಿ ಇದರಲ್ಲಿ ಆರಂಭದಿಂದಲೂ ಒಂದಿಷ್ಟು ನಾಟಕ ಇದೆ.

ಆ ನಾಟಕ ಇಷ್ಟೇ: ಇಬ್ಬರು ಕಲಾವಂತೆಯರು ಹೊಳೆದಂಡೆಗೆ ಬರುತ್ತಾರೆ. ಆಚೆ ದಡದಲ್ಲಿ ದಾಮುವಿನ ಮದುವೆ, ಚಪ್ಪರದಲ್ಲಿ ಇವರ ಕುಣಿತ. ದಾರಿ ಕಾಣೆವು, ತೋರಿಸು ಎಂದು ಅಂಬಿಗನನ್ನು ಕೇಳುತ್ತಾರೆ. ಹೊಳೆ ಜೋರಾಗಿದೆ, ಆಗದು ಅನ್ನುತ್ತಾನೆ. ಮೈಮೇಲಿನ ಒಡವೆ ಬಿಚ್ಚಿ ‘ಘೇ ಘೇ ಘೇ’, ತಗೋ ತಗೋ ಅನ್ನುತ್ತಾರೆ. ಅವನದು ಒಂದೇ ಮಾತು, ‘ಮ್ಹಾಕಾ ನಾಕಾ ಗೋ’, ನನಗೆ ಬೇಡವೇ. ಇಡೀ ಹಾಡು ನಿಂತಿರುವುದು ಈ ‘ಬೇಡ’ದ ಮೇಲೆ.

1973ರಲ್ಲಿ ಲಕ್ಷ್ಮೀಕಾಂತ್–ಪ್ಯಾರೇಲಾಲ್ ಈ ಧಾಟಿಯನ್ನು ‘ಬಾಬಿ’ಗೆ ತಂದರು, ‘ನಾ ಮಾಂಗೂ ಸೋನಾ ಚಾಂದಿ’ ಆಯಿತು. ಹೊಳೆ ಹೋಯಿತು, ದೋಣಿ ಹೋಯಿತು, ದಾಮು ಹೋದ. ಆದರೆ ಗಮನಿಸಿ ನೋಡಿ, ಚಿನ್ನ ಬೇಡ ಬೆಳ್ಳಿ ಬೇಡ ಎಂಬ ಆ ಹಿಂದಿ ಪಲ್ಲವಿ ನಮ್ಮ ಅಂಬಿಗನ ಮಾತೇ. ಅವನ ಎರಡು ಪದದ ನಿರಾಕರಣೆಯನ್ನು ಪ್ರೇಮಿಯ ಬಾಯಿಗೆ ಹಾಕಿ ಪೂರ್ತಿ ಹಾಡಾಗಿ ಬೆಳೆಸಿದ್ದಾರೆ. ಇದು ಕದ್ದದ್ದು ಎಂದು ಗೊಣಗುವವರ ಜೊತೆ ನಾನಿಲ್ಲ, ಮೂಲದ ನರ ಹಿಡಿದು ಮಾಡಿದ ರೂಪಾಂತರ ಅದು. ಆಮೇಲಿನ ಹೋಟೆಲ್ ಬ್ಯಾಂಡುಗಳ, ರೀಮಿಕ್ಸುಗಳ ಪಾಡು ಬೇರೆ. ಅವರಿಗೆ ಬೇಕಾದದ್ದು ಘೇ ಘೇ ಮಾತ್ರ. ಅಂಬಿಗನೂ ಕುಣಿಯುತ್ತ ಜೊತೆಗೆ ‘ಘೇ’ ಅಂದುಬಿಟ್ಟರೆ ಯಾರು ಯಾರಿಗೆ ಕೊಡುತ್ತಿದ್ದಾರೆ?

ವೇದಿಕೆಗೆ ತರುವುದಾದರೆ ಆರು ಹೆಣ್ಣುದನಿ, ಒಂದು ಗಂಡುದನಿ ಸಾಕು. ‘ಹಾಂವ್ ಸಾಯ್ಬಾ’ದ ನಾಲ್ಕು ಸಾಲುಗಳನ್ನು ಎರಡು ಸಲ, ದಾಮುವಿನ ಚಪ್ಪರದ ಸಾಲುಗಳನ್ನು ಎರಡು ಸಲ, ಆಮೇಲೆ ಘೇ ಘೇ. ಪ್ರತಿ ಒಡವೆಗೆ ಒಮ್ಮೆ ಗಂಡುದನಿಯ ‘ನಾಕಾ’. ಅವನು ಹಾಡುವಾಗ ಹೆಂಗಸರು ಪೂರ್ತಿ ಸುಮ್ಮನಿರಬೇಕು, ಗುಂಪಿನಲ್ಲಿ ಅವನ ದನಿ ಮುಳುಗಿದರೆ ಕಥೆಯೂ ಮುಳುಗಿತು. ಮೊದಲ ಭಾಗ ನಿಮಿಷಕ್ಕೆ 90 ಬಡಿತದ ಸುಮಾರಿಗಿರಲಿ, ಘೇ ಘೇಗೆ 105ರವರೆಗೆ ಏರಲಿ. ತಬಲಾದವರು ಕೆಹರವಾ ತಾಳ ಹಿಡಿದು ಮೊದಲೇ 120ಕ್ಕೆ ಓಡಿಸಿದರೆ ಕೊನೆಯಲ್ಲಿ ಏರಲು ಜಾಗವೇ ಇರುವುದಿಲ್ಲ, ಮಾತೂ ನುಂಗಿಹೋಗುತ್ತದೆ.

ಆರರಲ್ಲಿ ಇಬ್ಬರು ಮುಖ್ಯ ಧಾಟಿಗಿಂತ ಮೂರನೇ ಸ್ವರ ಕೆಳಗೆ ಜೊತೆದನಿ ಹಾಡಲಿ. ಗೋವಾದ ಹಾಡಿನ ರುಚಿ ಬರುವುದು ಅಲ್ಲಿಂದ. ನಮ್ಮ ಸುಗಮ ಸಂಗೀತದವರಿಗೆ ಕಷ್ಟವಾಗುವುದೂ ಇಲ್ಲೇ, ಕೈಕಾಲು ಕಟ್ಟಿದರೂ ಗಮಕ ಬಿಡುವುದಿಲ್ಲ. ಮೇಲಿನ ದನಿ ಜಾರಿದಾಗ ಕೆಳಗಿನ ದನಿ ನಿಂತಲ್ಲೇ ನಿಂತಿದ್ದರೆ ಅಪಶ್ರುತಿ ಕೇಳಿಸುತ್ತದೆ. ಸ್ವರಕ್ಕೆ ನೇರವಾಗಿ ಹೋಗಿ ನೇರವಾಗಿ ಬಿಡಬೇಕು. ಇನ್ನು ಉಚ್ಚಾರಣೆ: ‘ಲಗ್ನಾಕು’, ‘ವಾಟು’ ಎಂಬಲ್ಲಿ ಕೊನೆಯ ಹ್ರಸ್ವ ಉಕಾರ ತಾಳ ತುಂಬುವುದಕ್ಕೂ ಬೇಕು, ನುಂಗಬೇಡಿ. ‘ವೆತಾಂ’ ಮೂಗಿನಲ್ಲಿ ಮುಗಿಯಲಿ, ‘ಮ್’ ಎಂದು ತುಟಿ ಮುಚ್ಚಬೇಡಿ.

ಪಕ್ಕವಾದ್ಯಕ್ಕೆ ಗಿಟಾರ್, ಪಿಟೀಲು, ಘುಮಟ್. ಕುಮಟಾ, ಅಂಕೋಲಾದವರಿಗೆ ಘುಮಟ್ ಹೊಸದೇನಲ್ಲ, ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗರ ಗುಮಟೆ ಅದರ ಒಡಹುಟ್ಟು. ಮಣ್ಣಿನ ಗಡಿಗೆ, ದೊಡ್ಡ ಬಾಯಿಗೆ ಚರ್ಮ, ಸಣ್ಣ ಬಾಯಿ ತೆರೆದದ್ದು. ಬಲಗೈ ಚರ್ಮದ ಮೇಲೆ ಬಡಿಯುತ್ತದೆ, ಎಡಗೈ ಸಣ್ಣ ಬಾಯಿಯನ್ನು ಮುಚ್ಚಿ ತೆರೆದು ದನಿಯನ್ನು ಏರಿಳಿಸುತ್ತದೆ. ಗೋವಾ ಸರ್ಕಾರ 2019ರಲ್ಲಿ ಇದನ್ನು ರಾಜ್ಯದ ಪಾರಂಪರಿಕ ವಾದ್ಯ ಎಂದು ಘೋಷಿಸಿತು. ಹಳೆಯ ವಾದ್ಯಗಳಿಗೆ ಹಾಕುತ್ತಿದ್ದದ್ದು ಉಡದ ಚರ್ಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಉಡ ರಕ್ಷಿತ ಪ್ರಾಣಿ, ಆದ್ದರಿಂದ ಊರಿನಿಂದ ಗುಮಟೆ ತರಿಸುವಾಗ ಮೇಕೆ ಚರ್ಮದ್ದೇ ಎಂದು ಖಾತ್ರಿ ಮಾಡಿಕೊಳ್ಳಿ. ಮೇಕೆ ಚರ್ಮ ದಪ್ಪ, ದನಿ ತುಸು ಮಂಕು. ತೇವಕ್ಕೆ ಬೇಗ ಸಡಿಲವಾಗುತ್ತದೆ, ನವೆಂಬರಿನಲ್ಲೂ ಸಮುದ್ರದ ಗಾಳಿಗೆ ಸಂಜೆಯ ಹೊತ್ತಿಗೆ ಶ್ರುತಿ ಇಳಿದಿರುತ್ತದೆ. ಮಧ್ಯಾಹ್ನ ಒಂದಿಷ್ಟು ಹೊತ್ತು ಬಿಸಿಲಿಗಿಟ್ಟು, ಆಮೇಲೆ ಒಣಬಟ್ಟೆಯಲ್ಲಿ ಸುತ್ತಿಡಿ. ಮೈಕನ್ನು ಸಣ್ಣ ಬಾಯಿಯ ಎದುರು ಇಟ್ಟರೆ ಬರೀ ಗುಂಯ್ ಎನ್ನುವ ಮೊಳಗು ಬಂದು ಮಾತೆಲ್ಲ ಮುಚ್ಚಿಹೋಗುತ್ತದೆ. ಚರ್ಮದಿಂದ ಒಂದು ಗೇಣು ದೂರ, ಓರೆಯಾಗಿ ಇಡಬೇಕು.

ಕರೋಕೆ ಟ್ರ್ಯಾಕ್ ಹಾಕಿಕೊಂಡು ಹಾಡುವುದು ಸುಲಭ ಅನ್ನಿಸಬಹುದು. ಸಿನಿಮಾದ ಟ್ರ್ಯಾಕಿನಲ್ಲಿ ‘ಹಾಂವ್ ಸಾಯ್ಬಾ’ದ ಸಾಲುಗಳಿಗೆ ಜಾಗವಿಲ್ಲ. ಮೇಲಾಗಿ ಕಾರ್ಯಕ್ರಮದ ವಿಡಿಯೋವನ್ನು ಯೂಟ್ಯೂಬಿಗೆ ಹಾಕಿದರೆ ಹಕ್ಕಿನ ನೋಟಿಸು ಬರುವ ಸಂಭವ ಉಂಟು. ಫೆರೇರಾ ತೀರಿಕೊಂಡದ್ದು 1932ರಲ್ಲಿ, ನಮ್ಮ ಕಾನೂನಿನಲ್ಲಿ ಕರ್ತೃವಿನ ಹಕ್ಕು ಮರಣಾನಂತರ 60 ವರ್ಷ. ಅವರ ಮಾತು, ಧಾಟಿ ಎರಡೂ ಈಗ ಎಲ್ಲರವು, ಗಿಟಾರ್ ಹಿಡಿದು ನೀವೇ ನುಡಿಸಿಕೊಂಡರೆ ಯಾರ ಅಪ್ಪಣೆಯೂ ಬೇಡ.